ಸ್ವೆಟರ್ ಒಳಗಿನ ಪುಟ್ಟ ಚೀಟಿ

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ನನಗೊಂದು ಕೆಂಪು ಉಣ್ಣೆ ಸ್ವೆಟರ್ ಇತ್ತು. ಕೆಸರು ಮೆತ್ತಿಕೊಂಡು ಬಂದೆನೆಂದು ಅಮ್ಮ ಅದನ್ನು ಹಂಡೆಯ ಬಿಸಿನೀರಲ್ಲಿ ನೆನೆಸಿ, ಸೋಪು ಹಚ್ಚಿ ಚೆನ್ನಾಗಿ ತಿಕ್ಕಿದರು. ಒಣಗಿದ ಮೇಲೆ ನೋಡಿದರೆ ತೋಳು ನನ್ನ ಮೊಣಕೈಗೂ ಬರಲಿಲ್ಲ! ಬಟ್ಟೆ ದಪ್ಪಗೆ, ಬಿರುಸಾಗಿ, ರೊಟ್ಟಿಯ ಹಾಗಾಗಿತ್ತು. ಕೊನೆಗೆ ಅದು ಪಕ್ಕದ ಮನೆಯ ಮಗುವಿನ ಪಾಲಾಯಿತು.

ಏನಾಗಿತ್ತು ಗೊತ್ತೇ? ಉದುರಿದ ಒಂದು ಉದ್ದ ಕೂದಲನ್ನು ತೆಗೆದುಕೊಳ್ಳಿ. ಹೆಬ್ಬೆರಳು, ತೋರುಬೆರಳಿನ ನಡುವೆ ಅದನ್ನು ಹಿಡಿದು, ಉದ್ದಕ್ಕೆ ಹಿಂದೆಮುಂದೆ ಉಜ್ಜಿ. ಕೂದಲು ಮೆಲ್ಲಗೆ ಒಂದೇ ಕಡೆಗೆ, ಅಂದರೆ ಬುಡದ ಕಡೆಗೆ, ತೆವಳುತ್ತದೆ. ಕೂದಲ ಮೈಮೇಲೆ ಮಾಡಿನ ಹೆಂಚಿನಂತೆ ಒಂದರ ಮೇಲೊಂದು ಕೂತ ಸಣ್ಣ ಸಣ್ಣ ಹುರುಪೆಗಳಿವೆ. ಅವು ಒಂದು ದಿಕ್ಕಿಗೆ ಜಾರುತ್ತವೆ, ಇನ್ನೊಂದು ದಿಕ್ಕಿಗೆ ತಡೆಯುತ್ತವೆ. ಉಣ್ಣೆಯೂ ಕುರಿಯ ಕೂದಲೇ ತಾನೆ? ಬಿಸಿನೀರು, ಸೋಪು, ತಿಕ್ಕಾಟ ಮೂರೂ ಸೇರಿದಾಗ ಎಳೆಗಳು ಹೀಗೇ ತೆವಳಿ ಒಂದರೊಳಗೊಂದು ಸಿಕ್ಕಿಕೊಳ್ಳುತ್ತವೆ. ಆಮೇಲೆ ಎಷ್ಟು ಎಳೆದರೂ ಮೊದಲಿನಂತಾಗುವುದಿಲ್ಲ.

ಆ ಸ್ವೆಟರಿನ ಒಳಹೊಲಿಗೆಯಲ್ಲಿ ಬೆರಳಗಲದ ಚೀಟಿಯೊಂದಿತ್ತು. ಅದರಲ್ಲಿ ನೀರಿನ ಟಬ್ಬು, ಟಬ್ಬಿನೊಳಗೆ ಒಂದು ಕೈ. ಮಷೀನಿಗೆ ಹಾಕಬೇಡಿ, ತಣ್ಣನೆಯ ಇಲ್ಲವೇ ಉಗುರುಬೆಚ್ಚಗಿನ ನೀರಲ್ಲಿ ಕೈಯಿಂದ ಮೆಲ್ಲಗೆ ಒಗೆಯಿರಿ ಎಂದು ಅದರ ಅರ್ಥ. ನಮಗಾರಿಗೂ ಅದು ಗೊತ್ತಿರಲಿಲ್ಲ.

ಮಾತಿನ ಬದಲು ಚಿತ್ರ ಏಕೆ? ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಹೊಲಿದ ಅಂಗಿ ಜರ್ಮನಿಗೂ ಹೋಗುತ್ತದೆ. ಅಲ್ಲಿ ಒಗೆಯುವವರಿಗೆ ಕನ್ನಡ ಬರುವುದಿಲ್ಲ, ಟಬ್ಬಿನ ಚಿತ್ರ ಮಾತ್ರ ಅರ್ಥವಾಗುತ್ತದೆ. ಯುರೋಪಿನ ಕೆಲವು ದೇಶದವರು 1963ರಲ್ಲಿ ಪ್ಯಾರಿಸ್‌ನಲ್ಲಿ ಗಿನೆಟೆಕ್ಸ್ ಎಂಬ ಸಂಸ್ಥೆ ಕಟ್ಟಿ ಈ ಚಿತ್ರಗಳನ್ನು ಬಳಕೆಗೆ ತಂದರು. ಟಬ್ಬಿನಲ್ಲಿ 40 ಎಂದಿದ್ದರೆ ನೀರಿನ ಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಯಾವ ಚಿತ್ರಕ್ಕೇ ಆಗಲಿ ಕಾಟು ಹೊಡೆದಿದ್ದರೆ ಆ ಕೆಲಸ ಮಾಡಲೇಬೇಡಿ ಎಂದರ್ಥ.

ತ್ರಿಕೋನ ಬ್ಲೀಚಿನ ಗುರುತು. ರೇಷ್ಮೆ ಬಟ್ಟೆಯಲ್ಲಿ ಅದಕ್ಕೆ ಸಾಮಾನ್ಯವಾಗಿ ಕಾಟು ಇರುತ್ತದೆ. ರೇಷ್ಮೆ ಹುಳು ನೂಲುವುದು ಪ್ರೋಟೀನಿನ ಎಳೆಯನ್ನು. ಕ್ಲೋರಿನ್ ಬ್ಲೀಚು ಅದನ್ನು ತಿಂದುಹಾಕುತ್ತದೆ. ಚೌಕ ಒಣಗಿಸುವುದಕ್ಕೆ. ಅದರ ಮೂಲೆಯಲ್ಲಿ ಎರಡು ಓರೆಗೆರೆ ಕಂಡರೆ ಬಟ್ಟೆಯನ್ನು ನೆರಳಿನಲ್ಲಿ ಹರವಿ, ಬಿಸಿಲಿಗೆ ಬಣ್ಣ ಮಾಸುತ್ತದೆ. ಚೌಕವಿಲ್ಲದೆ ಬರೀ ವೃತ್ತವಿದ್ದರೆ ಅದು ಡ್ರೈವಾಶ್ ಅಂಗಡಿಯವರಿಗೆ ಹೇಳಿದ ಮಾತು.

ನನಗೆ ತುಂಬ ಇಷ್ಟ ಇಸ್ತ್ರಿಪೆಟ್ಟಿಗೆಯ ಚಿತ್ರ. ಅದರ ಹೊಟ್ಟೆಯಲ್ಲಿ ಚುಕ್ಕಿಗಳಿರುತ್ತವೆ. ಒಂದು ಚುಕ್ಕಿಗೆ ಸುಮಾರು 110 ಡಿಗ್ರಿ ಬಿಸಿ, ಎರಡಕ್ಕೆ 150, ಮೂರಕ್ಕೆ 200. ಹತ್ತಿ ಮೂರು ಚುಕ್ಕಿಯ ಬಿಸಿಯನ್ನೂ ತಡೆಯುತ್ತದೆ. ಅದು ಗಿಡದಿಂದ ಬಂದದ್ದು, ಕರಗುವ ವಸ್ತುವಲ್ಲ. ಪಾಲಿಯೆಸ್ಟರ್ ಹಾಗಲ್ಲ, ಅದು ನೀರಿನ ಪ್ಲಾಸ್ಟಿಕ್ ಬಾಟಲಿಯ ಒಡಹುಟ್ಟು. ಬಿಸಿ ಹೆಚ್ಚಾದರೆ ಮೆತ್ತಗಾಗಿ ಹೊಳಪು ಹೊಡೆಯುತ್ತದೆ, ಇನ್ನೂ ಹೆಚ್ಚಾದರೆ ಕರಗಿ ಪೆಟ್ಟಿಗೆಗೇ ಅಂಟಿಕೊಳ್ಳುತ್ತದೆ.

ನಿಮ್ಮ ಶಾಲೆಯ ಯೂನಿಫಾರಂ ಬಹುಶಃ ಹತ್ತಿ, ಪಾಲಿಯೆಸ್ಟರ್ ಎರಡೂ ಬೆರೆತ ಬಟ್ಟೆ. ಹಾಗಿದ್ದರೆ ಅದರ ಚೀಟಿಯಲ್ಲಿ ಎಷ್ಟು ಚುಕ್ಕಿ ಇರಬೇಕು? ಮೊದಲು ಊಹಿಸಿ, ಆಮೇಲೆ ಅಂಗಿ ತಿರುಗಿಸಿ ನೋಡಿ.