ರೂಟ್ ಮಾಡೋ ಮುಂಚೆ ಒಂದ್ನಿಮಿಷ

ಪೀಣ್ಯದಲ್ಲಿ ಶಿಫ್ಟ್ ಕೆಲಸ ಮಾಡ್ತಿದ್ದಾಗ ನನ್ನ ಹಳೇ ಫೋನಿಗೆ ಅಪ್‌ಡೇಟ್ ಬರೋದು ನಿಂತುಹೋಯ್ತು. ಬೂಟ್‌ಲೋಡರ್ ಅನ್‌ಲಾಕ್ ಮಾಡಿ ಲೀನಿಯೇಜ್ ಓಎಸ್ ಹಾಕಿದೆ. ಅನ್‌ಲಾಕ್ ಮಾಡಿದ್ರೆ ಫೋನಲ್ಲಿರೋದೆಲ್ಲ ಅಳಿಸಿಹೋಗುತ್ತೆ. ಬ್ಯಾಕಪ್ ಇತ್ತು, ಬಚಾವಾದೆ. ಅಲ್ಲಿಗೇ ನಿಲ್ಲಿಸಬೇಕಿತ್ತು. ಮ್ಯಾಜಿಸ್ಕ್ ಹಾಕಿ ರೂಟ್ ಕೂಡ ಮಾಡಿದೆ. ಸಂಬಳದ ದಿನ ಬ್ಯಾಂಕ್ ಆ್ಯಪ್ ತೆರೆಯಲೇ ಇಲ್ಲ. ಊರಲ್ಲಿ ಅಮ್ಮ ದುಡ್ಡಿಗೆ ಕಾಯ್ತಿದ್ರು.

ಲೀನಿಯೇಜ್ ಜೊತೆ ರೂಟ್ ಬರೋದಿಲ್ಲ, ಅದನ್ನ ಸೇರಿಸೋದು ನಾವೇ. ಒಂದು ಆ್ಯಪಿಗೆ ರೂಟ್ ಅನುಮತಿ ಕೊಟ್ರೆ, ಬೇರೆ ಆ್ಯಪ್‌ಗಳ ಡೇಟಾನೂ ಅದಕ್ಕೆ ಸಿಗುತ್ತೆ. ರೂಟ್ ತೆಗೆದ್ರೂ ಬೂಟ್‌ಲೋಡರ್ ಅನ್‌ಲಾಕ್ ಆಗೇ ಇದ್ರೆ, ಫೋನ್ ಸಿಕ್ಕವರು ಸಿಸ್ಟಮ್ಮನ್ನೇ ಬದಲಾಯಿಸಬಹುದು. ಬ್ಯಾಂಕ್ ಆ್ಯಪ್ ಮತ್ತೆ ಮುನಿಸಿಕೊಳ್ಳಬಹುದು. ಅದಕ್ಕೇ ಈಗ ನನ್ನ ನಿಯಮ ಒಂದೇ: ಪ್ರಯೋಗಕ್ಕೆ ಹಳೇ ಫೋನು, ದುಡ್ಡಿಗೆ ಬೇರೆ ಫೋನು.