ವ್ರತದ ಗಡಿ, ನೆರೆಯವರ ಕೈ



ದೆಹಲಿಯ ಕೆಂಪುಕೋಟೆಯ ಎದುರಿಗೆ, ಚಾಂದನಿ ಚೌಕದ ಆರಂಭದಲ್ಲಿಯೇ ಶ್ರೀ ದಿಗಂಬರ ಜೈನ ಲಾಲ್ ಮಂದಿರವಿದೆ. ಷಹಜಹಾನನ ಕಾಲದಲ್ಲಿ, 1656ರಲ್ಲಿ, ಅದರ ಮೂಲ ನೆಲೆಯಾಯಿತೆಂದು ಪರಂಪರೆ ಹೇಳುತ್ತದೆ. ಆ ಆವರಣದಲ್ಲಿ ಪಕ್ಷಿಗಳಿಗಾಗಿಯೇ ಒಂದು ಧರ್ಮಾರ್ಥ ಆಸ್ಪತ್ರೆಯಿದೆ. 1930ರ ಆಸುಪಾಸಿನಲ್ಲಿ ಕಿನಾರಿ ಬಜಾರಿನ ಪುಟ್ಟ ಜಾಗದಲ್ಲಿ ಆರಂಭವಾದ ಈ ಸೇವೆ 1950ರ ದಶಕದಲ್ಲಿ ಮಂದಿರದ ಮಗ್ಗುಲಿಗೆ ಬಂದಿತು. ಗಾಯಗೊಂಡ ಪಾರಿವಾಳವನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ತಂದವರ ಜಾತಿಮತವನ್ನು ಅಲ್ಲಿ ಯಾರೂ ಕೇಳುವುದಿಲ್ಲ, ಶುಲ್ಕವನ್ನೂ ಪಡೆಯುವುದಿಲ್ಲ. ಇರುವುದು ಒಂದೇ ಕಟ್ಟಳೆ: ಗುಣಹೊಂದಿದ ಹಕ್ಕಿ ಮತ್ತೆ ಪಂಜರಕ್ಕೆ ಮರಳುವಂತಿಲ್ಲ, ಆಕಾಶಕ್ಕೆ ಹಾರಬೇಕು.

2011ರ ಜನಗಣತಿಯಂತೆ ದೆಹಲಿಯಲ್ಲಿ ಜೈನರ ಸಂಖ್ಯೆ ಸುಮಾರು 1.66 ಲಕ್ಷ, ಅಂದರೆ ನೂರಕ್ಕೆ ಒಬ್ಬರು. ಇಷ್ಟು ಚಿಕ್ಕ ಸಮಾಜವು ಇಷ್ಟು ದೊಡ್ಡ ನಗರದಲ್ಲಿ ಒಂದು ಸೇವೆಯನ್ನು ಸುಮಾರು ಒಂದು ಶತಮಾನದ ಕಾಲ ನಡೆಸಿಕೊಂಡು ಬಂದಿರುವುದು ಅಭಿಮಾನದ ಸಂಗತಿ. ಆದರೆ ಅಭಿಮಾನವು ಆತ್ಮಪರೀಕ್ಷೆಗೆ ಅಡ್ಡಿಯಾಗಬಾರದು. ಈ ಆಸ್ಪತ್ರೆಯ ಬಾಗಿಲಲ್ಲಿಯೇ ಜೈನ ಸಮಾಜಕ್ಕೆ ಒಂದು ಕಠಿಣ ಪ್ರಶ್ನೆ ಕಾದು ನಿಂತಿದೆ.

ಆಗಸ್ಟ್ 15ರ ಹೊತ್ತಿಗೆ ಹಳೆ ದೆಹಲಿಯ ಮಾಳಿಗೆಗಳೆಲ್ಲ ಗಾಳಿಪಟಗಳಿಂದ ತುಂಬುತ್ತವೆ. ಗಾಜಿನ ಪುಡಿ ಲೇಪಿಸಿದ ಮಾಂಜಾ ದಾರ ರೆಕ್ಕೆಗಳನ್ನು ಸೀಳುತ್ತದೆ. ಆ ದಾರಕ್ಕೆ ಪಾರಿವಾಳವೂ ಒಂದೇ, ಹದ್ದೂ ಒಂದೇ. ಆಸ್ಪತ್ರೆಗೆ ಮಾತ್ರ ಅವೆರಡೂ ಒಂದೇ ಆಗಲಾರವು. ಮಾಂಸಾಹಾರಿ ಪಕ್ಷಿಗಳಿಗೆ ಹೊರರೋಗಿಗಳಂತೆ ಚಿಕಿತ್ಸೆ ನೀಡಿ ಕಳುಹಿಸುವುದು, ಒಳಗೆ ಇರಿಸಿಕೊಳ್ಳದಿರುವುದು ಅಲ್ಲಿಯ ರೂಢಿ.

ಈ ರೂಢಿಯನ್ನು ಕ್ರೌರ್ಯವೆಂದು ಕರೆಯುವುದು ಅನ್ಯಾಯ. ಶ್ರಾವಕನ ಅಹಿಂಸಾಣುವ್ರತವು ಕೃತ, ಕಾರಿತ, ಅನುಮೋದನ ಎಂಬ ಮೂರನ್ನೂ ಗಮನಿಸುತ್ತದೆ. ತಾನು ಕೊಲ್ಲಬಾರದು, ಕೊಲ್ಲಿಸಬಾರದು, ಕೊಲ್ಲುವುದನ್ನು ಒಪ್ಪಬಾರದು. ಹದ್ದನ್ನು ತಿಂಗಳುಗಟ್ಟಲೆ ಸಾಕಬೇಕಾದರೆ ಪ್ರತಿದಿನವೂ ಮಾಂಸ ಕೊಳ್ಳಬೇಕು. ಮಂದಿರದ ಆವರಣದಲ್ಲಿ ಅದು ಸಾಧ್ಯವಿಲ್ಲ. ಗಡಿ ಪ್ರಾಮಾಣಿಕವಾದದ್ದೇ. ಆದರೆ ಮುರಿದ ರೆಕ್ಕೆಯ ಹದ್ದಿಗೆ ಒಂದು ದಿನದ ಪಟ್ಟಿ ಸಾಲದು. ಅದಕ್ಕೆ ವಾರಗಳ ಆಸರೆ ಬೇಕು. ವ್ರತದ ಗಡಿ ಮುಗಿದಲ್ಲಿ ಆ ಹದ್ದಿನ ಗತಿಯೇನು?

ಈ ಪ್ರಶ್ನೆಗೆ ಉತ್ತರ ದೊರೆತದ್ದು ಬೇರೊಂದು ಸಮಾಜದಿಂದ. ನದೀಮ್ ಶೆಹಜಾದ್ ಮತ್ತು ಮೊಹಮ್ಮದ್ ಸೌದ್ ಎಂಬ ಸಹೋದರರು ಹದಿಹರೆಯದಲ್ಲಿ ಗಾಯಗೊಂಡ ಹದ್ದೊಂದನ್ನು ಚಿಕಿತ್ಸೆಗೆಂದು ಒಯ್ದಾಗ, ಅದು ಮಾಂಸಾಹಾರಿಯೆಂಬ ಕಾರಣಕ್ಕೆ ಅವರು ಹಿಂದಿರುಗಬೇಕಾಯಿತು. ಮುಂದೆ ಅವರೇ ಹದ್ದುಗಳ ಶುಶ್ರೂಷೆಯನ್ನು ಕಲಿತರು. ಸೋಪಿನ ಡಿಸ್ಪೆನ್ಸರ್ ತಯಾರಿಸುವ ತಮ್ಮ ನೆಲಮಾಳಿಗೆಯಲ್ಲಿಯೇ ಚಿಕಿತ್ಸೆ ನಡೆಸಿ, ವಜೀರಾಬಾದಿನಲ್ಲಿ ‘ವೈಲ್ಡ್‌ಲೈಫ್ ರೆಸ್ಕ್ಯೂ’ ಸಂಸ್ಥೆಯನ್ನು ಕಟ್ಟಿದರು. ಎರಡು ದಶಕಗಳಲ್ಲಿ ಸಾವಿರಾರು ಹದ್ದುಗಳು ಅವರ ಕೈಯಿಂದ ಮತ್ತೆ ಹಾರಿವೆ. ಶೌನಕ್ ಸೇನ್ ಅವರ 2022ರ ‘ಆಲ್ ದಟ್ ಬ್ರೀದ್ಸ್’ ಸಾಕ್ಷ್ಯಚಿತ್ರ ಇವರ ಕಾಯಕವನ್ನು ಜಗತ್ತಿಗೆ ತೋರಿಸಿತು.

ಹಿಂಸೆಯಿಂದ ದೂರವಿರುವ ಸಮಾಜವು ಬಿಟ್ಟುಕೊಟ್ಟ ಜೀವವನ್ನು ಬೇರೊಂದು ಸಮಾಜದ ಯುವಕರು ಎತ್ತಿಕೊಂಡರು. ಇದರಿಂದ ಜೈನ ಸಮಾಜ ನಾಚಬೇಕಾಗಿಲ್ಲ, ಕಲಿಯಬೇಕಾಗಿದೆ. ಜೀವಿಗಳು ಒಂದಕ್ಕೊಂದು ಉಪಕಾರಿಗಳೆಂಬ ‘ತತ್ತ್ವಾರ್ಥಸೂತ್ರ’ದ ಆಶಯ ಜೈನ ಲಾಂಛನದ ಅಡಿಯಲ್ಲಿಯೇ ಇದೆ. ಆ ಉಪಕಾರವು ಸಮಾಜ ಸಮಾಜಗಳ ನಡುವೆಯೂ ನಡೆಯಬೇಕು. ಮೊದಲ ಪಟ್ಟಿ ಲಾಲ್ ಮಂದಿರದಲ್ಲಿ, ಮುಂದಿನ ಆರೈಕೆ ವಜೀರಾಬಾದಿನಲ್ಲಿ ಎಂಬ ಒಪ್ಪಂದವಾದರೆ ವ್ರತವೂ ಉಳಿಯುತ್ತದೆ, ಹದ್ದೂ ಉಳಿಯುತ್ತದೆ. ಆಹಾರದ ವೆಚ್ಚ ವ್ರತಕ್ಕೆ ಹೊಂದದಿದ್ದರೆ ಶಸ್ತ್ರಚಿಕಿತ್ಸೆಯ ಸಲಕರಣೆ, ಔಷಧ, ಸಾಗಾಟದ ವೆಚ್ಚವನ್ನು ಶ್ರಾವಕರು ವಹಿಸಬಹುದು. ಔಷಧದಾನಕ್ಕೆ ಯಾವ ಶಾಸ್ತ್ರವೂ ಅಡ್ಡಬರುವುದಿಲ್ಲ.

ಇಷ್ಟಕ್ಕೆ ಕರುಣೆಯ ಕೆಲಸ ಮುಗಿಯಬಹುದು. ನ್ಯಾಯದ ಕೆಲಸ ಮುಗಿಯುವುದಿಲ್ಲ. ಕರುಣೆ ಗಾಯಕ್ಕೆ ಪಟ್ಟಿ ಕಟ್ಟುತ್ತದೆ. ನ್ಯಾಯವು ದಾರದ ಇನ್ನೊಂದು ತುದಿಯಲ್ಲಿ ಯಾರಿದ್ದಾರೆಂದು ಕೇಳುತ್ತದೆ. ಅದೇ ದಾರ ಸ್ಕೂಟರ್ ಸವಾರರ ಕೊರಳನ್ನೂ ಕೊಯ್ದಿದೆ. ದೆಹಲಿ ಸರಕಾರ 2017ರ ಜನವರಿಯಲ್ಲಿ ನೈಲಾನ್ ಮಾಂಜಾವನ್ನೂ ಗಾಜು ಲೇಪಿತ ದಾರವನ್ನೂ ನಿಷೇಧಿಸಿತು. ಅದೇ ವರ್ಷದ ಜುಲೈಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೇಶಾದ್ಯಂತ ನಿಷೇಧ ವಿಧಿಸಿತು. ಆದರೂ ಪ್ರತಿ ಆಗಸ್ಟಿನಲ್ಲಿ ಹಕ್ಕಿಗಳು ಬೀಳುತ್ತಲೇ ಇವೆ. ದಾರಕ್ಕೆ ಗಾಜಿನ ಪುಡಿ ಸವರುವ ಬಡ ಕುಶಲಕರ್ಮಿಯ ಬೆರಳುಗಳೂ ಕೊಯ್ದುಹೋಗಿರುತ್ತವೆ. ನಿಷೇಧವನ್ನು ಸ್ವಾಗತಿಸುವ ಜೀವದಯೆಯು ಆ ಕುಶಲಕರ್ಮಿಯ ಅನ್ನದ ಚಿಂತೆಯನ್ನೂ ಮಾಡದಿದ್ದರೆ, ಅದು ಅರ್ಧ ದಯೆ.

ಇಲ್ಲಿ ಕನ್ನಡ ನೆಲದ ಅನುಭವವೊಂದು ದಾರಿ ತೋರಬಲ್ಲದು. 1982ರಲ್ಲಿ ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ, ಶ್ರೀ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಕೂಡಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆಯನ್ನು ಆರಂಭಿಸಿದವು. ನಿರುದ್ಯೋಗಿ ಯುವಜನರಿಗೆ ಊಟ, ವಸತಿಯೊಡನೆ ಉಚಿತ ತರಬೇತಿ, ಬಳಿಕ ಬ್ಯಾಂಕ್ ಸಾಲಕ್ಕೆ ನೆರವು, ಉದ್ಯೋಗ ನೆಲೆಗೊಳ್ಳುವವರೆಗೆ ವಿಚಾರಣೆ: ಇದು ಅದರ ಕ್ರಮ. ಕ್ಷೇತ್ರ ವಿಶ್ವಾಸವನ್ನು ಕೊಟ್ಟಿತು, ಬ್ಯಾಂಕು ಬಂಡವಾಳವನ್ನು ಕೊಟ್ಟಿತು, ಯುವಕರು ದುಡಿಮೆಯನ್ನು ಕೊಟ್ಟರು. ಈ ಮಾದರಿಯನ್ನು ಕೇಂದ್ರ ಸರಕಾರ ಜಿಲ್ಲೆ ಜಿಲ್ಲೆಗೂ ವಿಸ್ತರಿಸಿತು. ದೆಹಲಿಯ ಮಗ್ಗುಲಿನ ಗಾಜಿಯಾಬಾದಿನಲ್ಲಿಯೂ ರುಡ್‌ಸೆಟ್ ಶಾಖೆ ನೆಲೆಗೊಂಡಿತು. ಉಜಿರೆಯ ಬೀಜ ಯಮುನೆಯ ಆಚೆ ದಡದಲ್ಲಿ ಮೊಳೆತಿರುವಾಗ, ಮಾಂಜಾ ಕುಶಲಕರ್ಮಿಯ ಮಗನನ್ನು ಅಂಥ ತರಬೇತಿಯ ಬಾಗಿಲಿಗೆ ಕರೆದೊಯ್ಯುವವರು ಬೇಕಾಗಿದ್ದಾರೆ.

ಆ ಕೆಲಸ ದೆಹಲಿ, ನೊಯ್ಡಾ, ಗುರುಗ್ರಾಮಗಳ ಕನ್ನಡ ಜೈನ ಕುಟುಂಬಗಳಿಗೆ ಮೀರಿದ್ದಲ್ಲ. ಬೆಳಗಾವಿ ಜಿಲ್ಲೆಯ ಶೇಡಬಾಳದಲ್ಲಿ ಜನಿಸಿದ ಆಚಾರ್ಯ ವಿದ್ಯಾನಂದ ಮುನಿಮಹಾರಾಜರು 1963ರಲ್ಲಿ ದೆಹಲಿಯಲ್ಲಿಯೇ ಮುನಿದೀಕ್ಷೆ ಪಡೆದರು, 2019ರಲ್ಲಿ ದೆಹಲಿಯಲ್ಲಿಯೇ ದೇಹವಿಟ್ಟರು. ಊರು ಬಿಟ್ಟು ಬಂದವರಿಗೆ ಬಂದ ಊರೂ ಧರ್ಮಕ್ಷೇತ್ರವೇ ಎಂಬುದಕ್ಕೆ ಅವರ ಬದುಕೇ ನಿದರ್ಶನ.

2014ರ ಜನವರಿಯಲ್ಲಿ ಜೈನರಿಗೆ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಸ್ಥಾನ ದೊರೆಯಿತು. ಸಾಕ್ಷರತೆಯಲ್ಲಿ ದೇಶದ ಎಲ್ಲ ಮತೀಯ ಸಮಾಜಗಳಿಗಿಂತಲೂ ಜೈನರೇ ಮುಂದಿದ್ದಾರೆಂದು 2011ರ ಜನಗಣತಿ ತೋರಿಸಿತು. ವಿದ್ಯೆಯಲ್ಲಿ ಮೊದಲಿರುವ ಅಲ್ಪಸಂಖ್ಯಾತರು ಆ ಸ್ಥಾನವನ್ನು ಸವಲತ್ತಿನ ಪಟ್ಟಿಯಾಗಿ ಮಾತ್ರ ಓದಿದರೆ ಅದು ರಾಜಕೀಯವಾಗಿಯೂ ಅಲ್ಪತನ. ಹಕ್ಕು ಕೇಳುವಾಗ ಜೊತೆಗಿರುವ ಇತರ ಅಲ್ಪಸಂಖ್ಯಾತರ ಪಾಲಿನ ಸುಖದುಃಖಗಳಲ್ಲಿಯೂ ಜೊತೆಗಿರಬೇಕು.

ಮಾಡಬೇಕಾದ ಕೆಲಸಗಳು ಸಣ್ಣವು. ಜುಲೈಯಲ್ಲಿಯೇ ಬಡಾವಣೆಯ ಸಂಘ, ಶಾಲೆ, ಮಸೀದಿ, ಗುರುದ್ವಾರಗಳೊಡನೆ ಕುಳಿತು ಬರಿಯ ಹತ್ತಿ ದಾರದ ಮಾತನ್ನಾಡುವುದು. ಪ್ರತಿ ಮನೆಯಲ್ಲಿ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯೊಂದನ್ನು ಸಿದ್ಧವಿಡುವುದು. ದಾನದ ಒಂದು ಪಾಲನ್ನು ಮಂದಿರದಾಚೆಗಿನ ಆರೈಕೆಗೆ ಮೀಸಲಿಡುವುದು. ವರ್ಷಕ್ಕೆ ಒಬ್ಬ ಬಡ ಯುವಕನನ್ನಾದರೂ ತರಬೇತಿಗೆ ಕಳುಹಿಸಿ, ಅವನ ಅಂಗಡಿ ತೆರೆಯುವವರೆಗೆ ಕೈಬಿಡದಿರುವುದು.

ಗಾಳಿಪಟದ ಕಾಲ ಮುಗಿಯುತ್ತಿದ್ದಂತೆ ಭಾದ್ರಪದದ ದಶಲಕ್ಷಣ ಪರ್ವ ಬರುತ್ತದೆ. ಅದರ ಕೊನೆಗೆ ಶ್ರಾವಕರು ಎಲ್ಲ ಜೀವಿಗಳಲ್ಲಿ ಕ್ಷಮೆ ಬೇಡುತ್ತಾರೆ. ಆ ಕ್ಷಮೆಯ ಮಾತು ಬಂಧುಬಳಗದ ಮೊಬೈಲುಗಳಲ್ಲಿಯೇ ಸುತ್ತಿ ಮುಗಿಯದಿರಲಿ. ಗಾಯದ ಬೆರಳಿನ ಮಾಂಜಾ ಕುಶಲಕರ್ಮಿಯ ಮನೆಗೂ, ಹದ್ದನ್ನು ಎತ್ತಿಕೊಂಡ ನೆರೆಯವರ ಮನೆಗೂ ಅದು ಕಾಲ್ನಡಿಗೆಯಲ್ಲಿ ತಲುಪಲಿ.

ಜೈ ಜಿನೇಂದ್ರ.