ಶ್ರೀಮತಿ ಕಮಲಾದೇವಿಯವರೂ ಸ್ತ್ರೀಯರ ಮತಾಧಿಕಾರವೂ
(ಮಹಿಳೆಯರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯರ ಹೆಸರನ್ನೆತ್ತಿದೊಡನೆ ನಮ್ಮ ಜನರು ಕೈಮಗ್ಗವನ್ನೂ ಕರಕುಶಲ ವಸ್ತುಗಳನ್ನೂ ನೆನೆಯುವರು. ಅದು ತಪ್ಪಲ್ಲ. ಆದರೆ ಅವರ ಸಾರ್ವಜನಿಕ ಜೀವನದ ಮೊದಲ ದೊಡ್ಡ ಹೋರಾಟವು ಶಾಸನಸಭೆಯ ಬಾಗಿಲಲ್ಲಿ ನಡೆಯಿತೆಂಬುದನ್ನು ನಾವು ಮರೆತಂತಿದೆ. ಇಂದು ನಾವು ಮುಖ್ಯವಾಗಿ ಅದನ್ನೇ ಹೇಳಬೇಕೆಂದಿರುವೆವು.

ಅವರು 1903ನೆಯ ಏಪ್ರಿಲ್ 3ರಂದು ಮಂಗಳೂರಿನಲ್ಲಿ ಜನಿಸಿದರು. ತಂದೆ ಅನಂತಯ್ಯ ಧಾರೇಶ್ವರರು ಸರಕಾರದ ಅಧಿಕಾರಿಗಳು, ತಾಯಿ ಗಿರಿಜಾಬಾಯಿಯವರು. ಮಗಳಿಗೆ ಏಳು ವರ್ಷವಾಗಿದ್ದಾಗ ತಂದೆಯವರು ಮರಣಶಾಸನವನ್ನು ಬರೆದಿಡದೆ ತೀರಿಕೊಂಡರು. ಅಂದಿನ ಕಾಯಿದೆಯಂತೆ ಆಸ್ತಿಯೆಲ್ಲವೂ ಅವರ ಮೊದಲ ಹೆಂಡತಿಯ ಮಗನ ಪಾಲಾಯಿತು. ತಾಯಿಗೆ ಉಳಿದುದು ತಿಂಗಳ ಜೀವನಾಂಶ ಮಾತ್ರ. ಆ ಸ್ವಾಭಿಮಾನಿಯು ಅದನ್ನೂ ಬೇಡವೆಂದರು. ಹದಿನಾಲ್ಕರಲ್ಲಿ ಮದುವೆ, ಎರಡು ವರ್ಷದೊಳಗೆ ವೈಧವ್ಯ, ಆ ಮೇಲೆ ಮದರಾಸಿನಲ್ಲಿ ವಿದ್ಯಾಭ್ಯಾಸ, ಕವಿ ಹರೀಂದ್ರನಾಥರೊಡನೆ ಪುನರ್ವಿವಾಹ. ಈ ಮದುವೆಗಾಗಿ ಅವರು ಕೇಳಿದ ನಿಂದೆ ಅಷ್ಟಿಷ್ಟಲ್ಲ.

ಆಸ್ತಿಯ ಸಂಗತಿಯನ್ನು ಬೇಕೆಂದೇ ಎತ್ತಿದೆವು. ಏಕೆಂದರೆ ಆಗ ಮತವು ಆಸ್ತಿಯ ನೆರಳಾಗಿತ್ತು. 1917ರಲ್ಲಿ ಮಾರ್ಗರೆಟ್ ಕಸಿನ್ಸರೇ ಮೊದಲಾದವರು ಅಡಿಯಾರಿನಲ್ಲಿ ಸ್ತ್ರೀಯರ ಸಂಘವನ್ನು ಸ್ಥಾಪಿಸಿದರು. ಅದೇ ವರ್ಷ ಸರೋಜಿನೀ ನಾಯ್ಡುರವರ ಮುಂದಾಳುತನದಲ್ಲಿ ನಿಯೋಗವೊಂದು ಮಾಂಟೇಗ್ಯು ಸಾಹೇಬರೆದುರು ಮತಾಧಿಕಾರವನ್ನು ಕೇಳಿತು. 1921ರಲ್ಲಿ ಮದರಾಸು ಶಾಸನಸಭೆಯು ಸ್ತ್ರೀಯರಿಗೆ ಮತವನ್ನಿತ್ತಿತು. ಆದರೆ ಯಾವ ಸ್ತ್ರೀಯರಿಗೆ? ಗಂಡಸರಂತೆಯೇ ತೆರಿಗೆಯನ್ನೂ ಕಂದಾಯವನ್ನೂ ಕೊಡತಕ್ಕವರಿಗೆ! ಗಿರಿಜಾಬಾಯಿಯವರಂತೆ ಆಸ್ತಿ ತಪ್ಪಿದ ಸಾವಿರಾರು ತಾಯಂದಿರಿಗೆ ಆ ಹಕ್ಕು ಕಾಗದದ ಹೂವಾಯಿತು.

1926ರಲ್ಲಿ ಸ್ತ್ರೀಯರು ಉಮೇದುವಾರರಾಗಿಯೂ ನಿಲ್ಲಬಹುದೆಂದಾಯಿತು. ನಮ್ಮ ಕರಾವಳಿಯು ಆಗ ಮದರಾಸು ಪ್ರಾಂತಕ್ಕೆ ಸೇರಿದ್ದಿತು. ಕಸಿನ್ಸರ ಒತ್ತಾಯದ ಮೇಲೆ ಇಪ್ಪತ್ತಮೂರು ವರ್ಷದ ಕಮಲಾದೇವಿಯವರು ಮಂಗಳೂರಿನಿಂದ ನಿಂತರು. ಮತದಾರರಲ್ಲಿ ಬಹುಪಾಲು ಗಂಡಸರು. ಅವರು ಗೆಲ್ಲಲಿಲ್ಲ, ಕೆಲವೇ ಮತಗಳು ಕಡಮೆಯಾದವು. ಆ ಚುನಾವಣೆಯ ತರುವಾಯ ಡಾಕ್ಟರ್ ಮುತ್ತುಲಕ್ಷ್ಮೀ ರೆಡ್ಡಿಯವರು ನಾಮಕರಣದಿಂದ ಅದೇ ಸಭೆಯನ್ನು ಹೊಕ್ಕು ಉಪಾಧ್ಯಕ್ಷಿಣಿಯಾದರು. ನಾಮಕರಣದ ಪೀಠಕ್ಕಿಂತ ಮತ ಕೇಳಿ ಪಡೆದ ಸೋಲು ನಮಗೆ ಹೆಚ್ಚಾಗಿ ಕಾಣುತ್ತದೆ. ಡಾಕ್ಟರರ ಸೇವೆಯನ್ನು ಕಿರಿದುಮಾಡಲು ಈ ಮಾತನ್ನಾಡಲಿಲ್ಲ.

1927ರಲ್ಲಿ ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಪರಿಷತ್ತು ಹುಟ್ಟಿದಾಗ ಅದರ ಸಂಘಟನೆಯ ಹೊಣೆಯನ್ನು ಅವರೇ ಹೊತ್ತರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ದಾಂಡಿಗೆ ನಡೆದವರೊಡನೆ ಗಾಂಧಿಯವರು ಸ್ತ್ರೀಯರನ್ನು ಸೇರಿಸಿಕೊಂಡಿರಲಿಲ್ಲ. ಕಮಲಾದೇವಿಯವರು ಮಹಾತ್ಮರನ್ನೇ ಕಂಡು ವಾದಿಸಿ ಒಪ್ಪಿಸಿದರು. ಮುಂಬಯಿಯ ಕಡಲತೀರದಲ್ಲಿ ಅವಂತಿಕಾಬಾಯಿ ಗೋಖಲೆಯವರೊಡನೆ ಉಪ್ಪು ಕಾಸಿದರು, ಅದನ್ನು ಬೀದಿಯಲ್ಲಿ ಮಾರಿದರು, ಸೆರೆಮನೆಗೆ ಹೋದರು. ಗುರುವಿನೊಡನೆ ವಾದಿಸುವ ಧೈರ್ಯವು ಆ ಕಾಲದ ಎಷ್ಟು ಮಂದಿ ಗಂಡಸರಿಗೆ ಇದ್ದಿತು?

1931ರಲ್ಲಿ ಆ ಪರಿಷತ್ತೂ ಇನ್ನೆರಡು ಸ್ತ್ರೀಸಂಸ್ಥೆಗಳೂ ಒಂದೇ ಕಂಠದಿಂದ ಬೇಡಿದವು: ಪ್ರಾಯಕ್ಕೆ ಬಂದವರೆಲ್ಲರಿಗೂ ಮತವಿರಲಿ, ಆಸ್ತಿಯ ಕಟ್ಟು ಹೋಗಲಿ, ಸ್ತ್ರೀಯರಿಗೆಂದು ಮೀಸಲು ಸ್ಥಾನಗಳು ಬೇಡ. 1935ರ ಕಾಯಿದೆಯು ಇದನ್ನು ತಲೆಕೆಳಗು ಮಾಡಿತು. ಮೀಸಲು ಸ್ಥಾನಗಳನ್ನು ಕೊಟ್ಟಿತು. ಆಸ್ತಿ, ಅಕ್ಷರಜ್ಞಾನ, ಗಂಡನ ಯೋಗ್ಯತೆ ಇವುಗಳ ಕಟ್ಟನ್ನು ಉಳಿಸಿತು. ಎಲ್ಲರ ಮತವೆಂಬುದು 1950ರ ಸಂವಿಧಾನದಿಂದಲೇ ಕೈಗೂಡಿತು. ಮತದ ವಿಷಯದಲ್ಲಿ ಆ ತಾಯಂದಿರ ಮಾತು ಸರಿಯೆಂದು ಕಾಲವು ತೋರಿತು. ಮೀಸಲಿನ ವಿಷಯದಲ್ಲಿ ಅವರು ದೇಶದ ಗಂಡಸರನ್ನು ತುಸು ಹೆಚ್ಚಾಗಿ ನಂಬಿದರೆಂದು ನಮ್ಮ ಅನಿಸಿಕೆ.

ಸ್ವಾತಂತ್ರ್ಯ ಬಂದ ಮೇಲೆ ಅವರು ಮಂತ್ರಿಪದವಿಯನ್ನು ಹಿಡಿಯಲಿಲ್ಲ. ಫರೀದಾಬಾದಿನಲ್ಲಿ ನಿರಾಶ್ರಿತರಿಗೆ ನೆಲೆ ಮಾಡಿಕೊಡಲು ದುಡಿದರು, ನೇಕಾರರ ನಡುವೆ ಬಾಳಿದರು. 1988ರ ಅಕ್ಟೋಬರ್ 29ರಂದು ಮುಂಬಯಿಯಲ್ಲಿ ನಿಧನರಾದರು.

ಲೋಕಸಭೆಯಲ್ಲಿಯೂ ವಿಧಾನಸಭೆಗಳಲ್ಲಿಯೂ ಮೂರರಲ್ಲೊಂದು ಪಾಲು ಸ್ಥಾನಗಳನ್ನು ಸ್ತ್ರೀಯರಿಗೆ ಮೀಸಲಿಡುವ ತಿದ್ದುಪಡಿಯನ್ನು 2023ರಲ್ಲಿ ಪಾರ್ಲಿಮೆಂಟು ಅಂಗೀಕರಿಸಿತು. ಜನಗಣತಿಯೂ ಕ್ಷೇತ್ರಗಳ ಪುನರ್ವಿಂಗಡಣೆಯೂ ಆದ ಮೇಲೆ ಅದು ನಡೆವಳಿಕೆಗೆ ಬರತಕ್ಕದ್ದೆಂದು ಅದರಲ್ಲಿಯೇ ಬರೆದಿದ್ದರು. ಮಂಗಳೂರಿನ ಆ ಚುನಾವಣೆಗೂ ಈ ತಿದ್ದುಪಡಿಗೂ ನಡುವೆ ತೊಂಬತ್ತೇಳು ವರ್ಷಗಳು ಸಂದಿದ್ದವು.